ದಾರಿಹೋಕರ ಭೀತಿಕಥೆ: ಕಲಬುರಗಿ ಸೀಮೆಯ ಆಕರಗಳು

ಊರಿಂದೂರಿಗೆ ಹೊರಟವರು ಮಳೆ, ಮುರಿದ ಬಂಡಿ, ತಪ್ಪಿದ ರೈಲು ಇಲ್ಲವೇ ಕವಿದ ಕತ್ತಲೆಯ ದೆಸೆಯಿಂದ ಗುರುತುಪರಿಚಯವಿಲ್ಲದ ಸಣ್ಣ ಊರೊಂದರಲ್ಲಿ ತಂಗಬೇಕಾಗಿ ಬಂದು, ಆ ಊರು ಮೇಲುನೋಟಕ್ಕೆ ಕಂಡಂತಿಲ್ಲವೆಂಬುದನ್ನು ಬಹಳ ತಡವಾಗಿ ಅರಿಯುವ ಕಥನಪ್ರಕಾರವನ್ನು ದಾರಿಹೋಕರ ಭೀತಿಕಥೆ ಎಂದು ಕರೆಯಬಹುದು. ದೆವ್ವದ ಕಥೆಯೊಂದಿಗೆ ಇದಕ್ಕೆ ನಂಟಿದ್ದರೂ ಎರಡೂ ಒಂದೇ ಅಲ್ಲ. ದೆವ್ವದ ಕಥೆಗೆ ಒಂದು ಪಾಳು ಮನೆ ಸಾಕಾಗುತ್ತದೆ. ಇಲ್ಲಿ ಮಾತ್ರ ಇಡೀ ಊರೇ ಪಾತ್ರವಾಗಬೇಕು, ಅಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿಯೊಂದು ಬಂದವನೊಬ್ಬನಿಗೆ ಮಾತ್ರ ಗೊತ್ತಿರಬಾರದು. ಕನ್ನಡದಲ್ಲಿ ಈ ಬಗೆಯ ಕಥೆಗೆ ಮಲೆನಾಡಿನ ಕಾಡು, ಕರಾವಳಿಯ ಮಳೆ ಮತ್ತು ಘಟ್ಟದ ತಿರುವುಗಳೇ ತಕ್ಕ ನೆಲವೆಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ಪರಸ್ಥಳದಲ್ಲಿ ಸಿಕ್ಕಿಕೊಂಡ ಪಯಣಿಗರ ಅಂಜಿಕೆಯನ್ನು ಕುರಿತು ಈ ನಾಡಿನಲ್ಲಿ ಉಳಿದುಬಂದಿರುವ ಮಹತ್ವದ ಹಳೆಯ ದಾಖಲೆಗಳಲ್ಲಿ ಹಲವು ಮರಗಳೇ ವಿರಳವಾದ, ಕಣ್ಣು ಹಾಯುವಷ್ಟು ದೂರ ಎಲ್ಲವೂ ಬಯಲಾಗಿ ಕಾಣುವ ಕಲಬುರಗಿ–ಬೀದರ್ ಸೀಮೆಗೆ ಸೇರಿದವು ಎಂಬುದು ಗಮನಾರ್ಹ.

ಈ ಸೀಮೆಯ ಭೂರಚನೆಯನ್ನು ತಿಳಿಯದೆ ಇಲ್ಲಿನ ಭೀತಿಯ ಸ್ವರೂಪ ತಿಳಿಯದು. ಕಲಬುರಗಿ ನಗರ ಮತ್ತು ಅದರ ಸೆರಗಿನಲ್ಲಿರುವ ತಾಜಸುಲ್ತಾನಪುರದಿಂದ ಕಮಲಾಪುರದ ಕಡೆಗೆ, ಅಲ್ಲಿಂದ ಹುಮನಾಬಾದಿನ ಮೂಲಕ ಬೀದರಿಗೆ ಸಾಗುವ ನೆಲದಲ್ಲಿ ಬಹುಪಾಲು ಎರೆಭೂಮಿ. ಎಂದರೆ ಕಪ್ಪುಶಿಲೆ ಸವೆದು ಉಂಟಾದ, ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಅಂಟಿಕೊಳ್ಳುವ ಕರಿಮಣ್ಣು. ಟಾರು ರಸ್ತೆಗಳು ಬರುವ ಮುನ್ನ ಒಂದು ದೊಡ್ಡ ಮಳೆ ಬಿದ್ದರೆ ಬಂಡಿಯ ಗಾಲಿ ಅಚ್ಚಿನವರೆಗೂ ಹೂತು, ಹಳ್ಳಗಳು ಏರಿ, ಹೊರಟವರು ಹತ್ತಿರದ ಹಳ್ಳಿಯ ಅಗಸಿಯೊಳಗೆ ಆಸರೆ ಬೇಡುವುದು ಅನಿವಾರ್ಯವಾಗುತ್ತಿತ್ತು. ಅಗಸಿ ಎಂದರೆ ಊರಿನ ಹೆಬ್ಬಾಗಿಲು; ಅದು ಮುಚ್ಚಿದ ಮೇಲೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು, 15ನೆಯ ಶತಮಾನದಲ್ಲಿ ಬೀದರಿಗೆ ಸ್ಥಳಾಂತರಗೊಂಡಿತು. ಎರಡು ರಾಜಧಾನಿಗಳ ನಡುವಣ ದಾರಿಯಲ್ಲಿ ಕುದುರೆ ವ್ಯಾಪಾರಿಗಳು, ಸೂಫಿಗಳು, ಜಂಗಮರು, ಸೈನಿಕರು ಸತತವಾಗಿ ಓಡಾಡಿದರು. ಹೊಳಕುಂದಾದ ಬಯಲಿನಲ್ಲಿ ನಿಂತಿರುವ ಬಹಮನಿ ಕಾಲದ ಗೋರಿಗಳು ಆ ಕಾಲದ ಗುರುತುಗಳು. ಕಲಬುರಗಿಯ ದಕ್ಷಿಣಕ್ಕೆ ಭೀಮಾ ತೀರದಲ್ಲಿ ಸುಲ್ತಾನ ಫಿರೋಜಷಾ 1400ರ ಆಸುಪಾಸಿನಲ್ಲಿ ಕಟ್ಟಿಸಿದ ಫಿರೋಜಾಬಾದ್ ಎಂಬ ಅರಮನೆ ಪಟ್ಟಣ ಕೆಲವೇ ದಶಕಗಳ ವೈಭವದ ನಂತರ ಪಾಳುಬಿದ್ದು, ಅದರ ಕೋಟೆಗೋಡೆ ಮತ್ತು ಕಮಾನುಗಳು ಹೊಲಗಳ ನಡುವೆ ಉಳಿದುಕೊಂಡಿವೆ. ಜನ ಬಿಟ್ಟುಹೋದ ಹಳ್ಳಿಗಳನ್ನು ಕಂದಾಯ ದಾಖಲೆಗಳು ಬೇಚಿರಾಕ್ ಗ್ರಾಮಗಳೆಂದು, ಎಂದರೆ ದೀಪ ಹಚ್ಚುವವರಿಲ್ಲದ ಊರುಗಳೆಂದು ಇಂದಿಗೂ ನಮೂದಿಸುತ್ತವೆ. ಬರ, ಪ್ಲೇಗು ಮತ್ತು ದಂಡಿನ ಹಾವಳಿಗಳಿಂದ ಹೀಗೆ ಬರಿದಾದ ಊರುಗಳ ಬಗ್ಗೆ ಸುತ್ತಲಿನ ಹಳ್ಳಿಗರು ಹೇಳುವ ಕಥೆಗಳಲ್ಲಿ ಭೀತಿಗೆ ಮುನ್ನವೇ ದುಃಖವಿರುತ್ತದೆ.

ಈ ಸೀಮೆಯಲ್ಲಿ ಸಿಕ್ಕಿಕೊಂಡ ಪರದೇಶಿಯೊಬ್ಬ ಬರೆದಿಟ್ಟ ಬರಹಗಳಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್‌ನದು ಮೊದಲಿಗೆ ನೆನೆಯತಕ್ಕದ್ದು. ವೋಲ್ಗಾ ನದಿಯ ಮುಖದಲ್ಲಿ ದರೋಡೆಗೆ ಸಿಕ್ಕಿ ಸರಕನ್ನೂ ಧರ್ಮಗ್ರಂಥಗಳನ್ನೂ ಕಳೆದುಕೊಂಡ ಈತ ಪರ್ಷಿಯಾದ ಮೂಲಕ ಭಾರತಕ್ಕೆ ಬಂದು, ಸಾಮಾನ್ಯವಾಗಿ ಒಪ್ಪಿರುವ ಗಣನೆಯಂತೆ 1469ರಿಂದ 1472ರವರೆಗೆ ದಖ್ಖನ್ನಿನಲ್ಲಿದ್ದನು. ಮಾರಲು ತಂದಿದ್ದ ಒಂದು ಗಂಡುಕುದುರೆಯನ್ನು ಜುನ್ನರಿನ ಖಾನನು ಕಿತ್ತುಕೊಂಡು, ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನನ್ನೂ ಕೊಡುವುದಾಗಿಯೂ, ಇಲ್ಲವಾದರೆ ಕುದುರೆಯನ್ನು ಇಟ್ಟುಕೊಂಡು ಅವನಿಂದಲೇ ಸಾವಿರ ಹೊನ್ನು ವಸೂಲು ಮಾಡುವುದಾಗಿಯೂ ಹೇಳಿ ನಾಲ್ಕು ದಿನಗಳ ಗಡುವು ಕೊಟ್ಟ ಪ್ರಸಂಗವನ್ನು ಅವನ ಬರಹ ನಿರಾಡಂಬರವಾಗಿ ನಿರೂಪಿಸುತ್ತದೆ; ಖುರಾಸಾನಿನ ಮಹಮ್ಮದನೆಂಬ ಪರಿಚಿತನು ಮಧ್ಯಸ್ಥಿಕೆ ವಹಿಸಿದ್ದರಿಂದ ಅವನು ಪಾರಾದನು. ಬೀದರಿಗೆ ಬಂದ ಮೇಲೆ ಕುದುರೆ ಮಾರಾಟವಾಯಿತಾದರೂ ಯುದ್ಧಗಳಿಂದ ದಾರಿಗಳೆಲ್ಲ ಕೆಟ್ಟು, ಊರಿಗೆ ಮರಳುವ ಬಗೆಯೇ ತೋಚದೆ, ತನ್ನ ಹಬ್ಬಹರಿದಿನಗಳ ಲೆಕ್ಕವೂ ತಪ್ಪಿಹೋಯಿತೆಂದು ಅವನು ಮರುಗುತ್ತಾನೆ. ಬೀದರಿನಲ್ಲಿ ರಾತ್ರಿ ಹೊತ್ತು ಕೊತ್ವಾಲನ ಸಾವಿರ ಮಂದಿ ಕವಚ ತೊಟ್ಟು ಪಂಜು ಹಿಡಿದು ಕುದುರೆಯ ಮೇಲೆ ಗಸ್ತು ತಿರುಗುತ್ತಿದ್ದುದನ್ನು ಅವನು ಕಂಡಿದ್ದನು.

ಅವನ ಬರಹದಲ್ಲಿ ಭೀತಿಕಥೆಗೆ ತೀರ ಹತ್ತಿರವಾದ ಭಾಗ ಇಂದಿನ ಕಲಬುರಗಿ ಜಿಲ್ಲೆಯ ಆಳಂದಕ್ಕೆ ಸಂಬಂಧಿಸಿದ್ದು. ಶೇಖ್ ಅಲಾಉದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಅಲ್ಲಿನ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದು ಹೇಳುವ ನಿಕಿತಿನ್, ಅದರ ಬೆನ್ನಿಗೇ ಅಲ್ಲಿನ ಒಂದು ಹಕ್ಕಿಯ ವಿಷಯ ತೆಗೆಯುತ್ತಾನೆ. ಗುಕುಕ್ ಎಂದು ಕೂಗುತ್ತ ಇರುಳಿನಲ್ಲಿ ಹಾರಾಡುವ ಅದು ಯಾವ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ. ಅದನ್ನು ಕೊಲ್ಲಹೋದವರ ಮೇಲೆ ಅದರ ಬಾಯಿಂದ ಬೆಂಕಿ ಹೊರಡುತ್ತದೆ. ಮಾಳಿಗೆಯ ಮೇಲೆ ಗೂಗೆ ಕೂಗಿದರೆ ಕೇಡೆಂಬ ನಂಬಿಕೆ ಈ ಭಾಗದ ಹಳ್ಳಿಗಳಲ್ಲಿ ಇಂದಿಗೂ ಇದೆಯಾದ್ದರಿಂದ, ಊರಿನವರು ಹೇಳಿದ್ದನ್ನು ಪರದೇಶಿಯು ಕೇಳಿದಂತೆಯೇ ಬರೆದುಕೊಂಡನೆಂದು ತಿಳಿಯಬಹುದು. ಜಾತ್ರೆಯ ಗದ್ದಲದ ನಡುವೆ ಮೊಳಗುವ ಈ ಹಕ್ಕಿಯ ಕೂಗು, ಬೆಂಕಿಯ ಮಾತನ್ನು ಬಿಟ್ಟರೂ, ದಿಕ್ಕುಗಾಣದೆ ಇದ್ದವನ ಕಿವಿಗೆ ಹೇಗೆ ಕೇಳಿಸಿರಬೇಕೆಂಬುದನ್ನು ಓದುಗರು ಊಹಿಸಬಲ್ಲರು. ಶೇಖ್ ಅಲಾಉದ್ದೀನ್ ಅನ್ಸಾರಿಯವರು ಲಾಡ್ಲೆ ಮಶಾಯಖರೆಂದು ಪ್ರಸಿದ್ಧರು. ಅವರ ದರ್ಗಾ ಆಳಂದದಲ್ಲಿದೆ. ನಿಕಿತಿನ್ ಮಾತ್ರ ತಾಯ್ನಾಡಿಗೆ ಮರಳುವ ದಾರಿಯಲ್ಲಿ ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡನು.

ಇದೇ ಶತಮಾನದ ನೆನಪನ್ನು ಹೊತ್ತ ಇನ್ನೊಂದು ಕಥೆ ಭೀಮಾ–ಅಮರಜಾ ಸಂಗಮದ ಗಾಣಗಾಪುರದ್ದು. ಸರಸ್ವತಿ ಗಂಗಾಧರನು ಮರಾಠಿಯಲ್ಲಿ ರಚಿಸಿದ ಗುರುಚರಿತ್ರೆಯ ಪ್ರಕಾರ, ಗುರು ನರಸಿಂಹ ಸರಸ್ವತಿಗಳು ಬರುವ ಮುನ್ನ ಆ ಊರಿನಲ್ಲಿ ಅಶ್ವತ್ಥ ಮರವೊಂದಿದ್ದು, ಅದರಲ್ಲಿ ಮನುಷ್ಯರನ್ನು ತಿನ್ನುವ ಬ್ರಹ್ಮರಾಕ್ಷಸ ನೆಲೆಸಿದ್ದರಿಂದ ಪಕ್ಕದ ಮನೆ ಪಾಳುಬಿದ್ದಿತ್ತು. ಗುರುಗಳನ್ನು ಕಂಡೊಡನೆ ರಾಕ್ಷಸನು ಇಳಿದು ಬಂದು ಕಾಲಿಗೆರಗಿ, ಅವರ ಮಾತಿನಂತೆ ಸಂಗಮದಲ್ಲಿ ಮಿಂದು ಮುಕ್ತನಾದನು. ಗುರುಗಳು ಅದೇ ಪಾಳು ಮನೆಯನ್ನು ಮಠವಾಗಿಸಿಕೊಂಡರು. ಹೊರಗಿನಿಂದ ಬಂದವರು ಊರಿನ ಭೀತಿಗೆ ಬಲಿಯಾಗುವುದು ಈ ಪ್ರಕಾರದ ಸಾಮಾನ್ಯ ನಡೆ. ಇಲ್ಲಿ ಬಂದ ಅತಿಥಿಯೇ ಊರನ್ನು ಭೀತಿಯಿಂದ ಬಿಡಿಸುತ್ತಾನೆ. ಗಾಳಿ ಸೋಕಿದೆಯೆಂದು, ಎಂದರೆ ಕಾಣದ ಶಕ್ತಿಯ ಬಾಧೆಗೆ ಒಳಗಾಗಿದ್ದಾರೆಂದು ನಂಬಿದವರನ್ನು ಕುಟುಂಬದವರು ದೂರದೂರದಿಂದ ಗಾಣಗಾಪುರಕ್ಕೆ ಕರೆತರುವ ರೂಢಿ ಇಂದಿಗೂ ನಿಂತಿಲ್ಲ. ಅಂಥವರಿಗೆ ವೈದ್ಯರ ನೆರವೂ ದೊರಕಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅಂಜಿದವರಿಗೆ ಬಾಗಿಲು ತೆರೆದಿಡುವ ಊರು ಎಂಬ ಕಲ್ಪನೆಯ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.

ದಾರಿಹೋಕರ ಭೀತಿಕಥೆಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟ ಇಲ್ಲಿನ ವಸ್ತು ಥಗ್ಗರದು. ಪ್ರಯಾಣಿಕರ ಜೊತೆಗೂಡಿ, ಅವರ ವಿಶ್ವಾಸ ಗಳಿಸಿ, ಅನುಕೂಲವಾದ ಸ್ಥಳದಲ್ಲಿ ರುಮಾಲಿನಿಂದ ಕೊರಳು ಬಿಗಿದು ಕೊಂದು, ಹೆಣಗಳನ್ನು ಹೂತು, ಸೊತ್ತು ದೋಚುತ್ತಿದ್ದ ಗುಂಪುಗಳಿಗೆ ಈ ಹೆಸರು. 1830ರ ದಶಕದಲ್ಲಿ ವಿಲಿಯಂ ಸ್ಲೀಮನ್‌ನ ನೇತೃತ್ವದಲ್ಲಿ ನಡೆದ ವಿಚಾರಣೆಗಳು ನಿಜಾಮರ ಸೀಮೆಗೂ ಹಬ್ಬಿದಾಗ, ನಿಜಾಮರ ಸೈನ್ಯದ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ (1808–1876) ಮಾಫಿಸಾಕ್ಷಿಗಳಾಗಿ ಬದಲಾದ ಥಗ್ಗರ ಹೇಳಿಕೆಗಳನ್ನು ನೇರವಾಗಿ ಕೇಳಿದನು. ಅವುಗಳ ಆಧಾರದಿಂದ ಬರೆದ ಅವನ ಕಾದಂಬರಿ ‘ಕನ್ಫೆಶನ್ಸ್ ಆಫ್ ಎ ಥಗ್’ 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1840ರ ದಶಕದಲ್ಲಿ ಟೇಲರ್ ಕಲಬುರಗಿಯ ನೆರೆಯ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನು. ಅಲ್ಲಿ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ.

ಕಾದಂಬರಿಯ ನಿರೂಪಕನಾದ ಅಮೀರ್ ಅಲಿ ತನ್ನ ಕಸುಬನ್ನು ಹೇಳಿಕೊಳ್ಳುವ ಬಗೆ ಓದುಗರ ಎದೆ ನಡುಗಿಸುವುದು ಅದರ ಶಿಸ್ತಿನಿಂದಾಗಿ. ಸೋಥಾ ಎಂಬುವನು ಸಿಹಿಮಾತಿನಿಂದ ಪಯಣಿಗರನ್ನು ಒಲಿಸಿಕೊಂಡು ಬರುವವನು. ಲುಘಾ ಗುಂಡಿ ತೋಡುವವನು. ಭುರ್ತೋಟಿ ಕೊರಳು ಬಿಗಿಯುವವನು. ದಾರಿ ಕಳ್ಳರಿಂದ ತುಂಬಿದೆ, ಕೂಡಿ ಹೋಗೋಣವೆಂದು ಥಗ್ಗರೇ ಪಯಣಿಗರಿಗೆ ಎಚ್ಚರಿಕೆ ಕೊಡುತ್ತಾರೆ. ಊರ ಹೊರಗಿನ ತೋಪಿನಲ್ಲಿ ಒಟ್ಟಿಗೆ ಅಡುಗೆಯಾಗುತ್ತದೆ, ಹಾಡಾಗುತ್ತದೆ. ಪ್ರತಿಯೊಬ್ಬ ಪಯಣಿಗನ ಹಿಂದೆ ಒಬ್ಬೊಬ್ಬ ಥಗ್ ಬಂದು ಕೂತದ್ದು ಯಾರಿಗೂ ಅಸಹಜವೆನಿಸುವುದಿಲ್ಲ. ಮುಖಂಡನು ತಂಬಾಕು ತರುವಂತೆ ಕೂಗಿ ಹೇಳುತ್ತಾನೆ. ಆ ಮಾತೇ ಝಿರ್ನಿ, ಎಂದರೆ ಕೊಲೆಯ ಸನ್ನೆ. ಗುಂಡಿ ಅಷ್ಟರಲ್ಲಾಗಲೇ ತಯಾರಾಗಿರುತ್ತದೆ. ಕೊಂದವರು ಅದೇ ನೆಲದ ಹತ್ತಿರ ಕುಳಿತು ಬೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಇಡೀ ಪ್ರಸಂಗದಲ್ಲಿ ಕತ್ತಲೆಯೂ ಇಲ್ಲ, ದೆವ್ವವೂ ಇಲ್ಲ, ಕಾಡೂ ಇರಬೇಕಾಗಿಲ್ಲ. ಇರುವುದು ದಾರಿಯಲ್ಲಿ ಸಿಕ್ಕವರನ್ನು ನಂಬದೆ ಗತಿಯಿಲ್ಲವೆಂಬ ಪಯಣಿಗನ ಸ್ಥಿತಿ ಮಾತ್ರ. ಬಯಲುಸೀಮೆಯ ಭೀತಿಯ ತಿರುಳು ಇದೇ. ಎಲ್ಲವೂ ಕಣ್ಣಿಗೆ ಕಾಣುವ ನೆಲದಲ್ಲಿ ಕಾಣದೆ ಉಳಿಯುವುದು ಎದುರಿಗಿದ್ದವರ ಮನಸ್ಸು.

ಥಗ್ಗರ ಕುರಿತ ಬ್ರಿಟಿಷ್ ಬರಹಗಳನ್ನು ಪೂರ್ತಿಯಾಗಿ ನಂಬುವಂತಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ದಾರಿಗಳ್ಳತನವನ್ನು ಕಾಳಿಯ ಹೆಸರಿನ ರಹಸ್ಯ ಪಂಥವನ್ನಾಗಿ ಚಿತ್ರಿಸಿ, ಅಲೆಮಾರಿ ಜನರ ಮೇಲೆ ಕಠಿಣ ಕಾನೂನು ಹೇರಲು ಅದನ್ನು ನೆಪ ಮಾಡಿಕೊಂಡ ರೀತಿಯನ್ನು ರಾಧಿಕಾ ಸಿಂಘ ಮೊದಲಾದ ಇತಿಹಾಸಕಾರರು ತೆರೆದು ತೋರಿಸಿದ್ದಾರೆ. ಕಿಮ್ ವ್ಯಾಗ್ನರ್ 2007ರ ತಮ್ಮ ಗ್ರಂಥದಲ್ಲಿ ಕೊಲೆಗಳು ನಡೆದದ್ದು ನಿಜ, ಅವುಗಳ ಹಿಂದೆ ಬಡತನ, ಸೈನ್ಯಗಳ ವಿಸರ್ಜನೆ, ಜಮೀನುದಾರರ ಆಶ್ರಯಗಳಿದ್ದವು ಎಂಬ ನಡುದಾರಿಯ ನಿಲುವು ತಾಳಿದ್ದಾರೆ. ಟೇಲರನ ಕಾದಂಬರಿ ಕಥೆಯಾಗಿ ಶ್ರೇಷ್ಠ, ಸಮಾಜದ ದಾಖಲೆಯಾಗಿ ಎಚ್ಚರದಿಂದ ಓದಬೇಕಾದದ್ದು.

1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡು, 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ಇನ್ನೊಂದು ಮಾರ್ಗ ತೆರೆದ ಮೇಲೆ ಈ ಸೀಮೆಯಲ್ಲಿ ಪಯಣದ ರೀತಿಯೇ ಬದಲಾಯಿತು. ತೋಪಿನ ಬೀಡು ಹೋಗಿ ಜಂಕ್ಷನ್ನಿನ ತಂಗುಕೋಣೆ ಬಂತು. ರವೀಂದ್ರನಾಥ ಠಾಕೂರರ ‘ಕ್ಷುಧಿತ ಪಾಷಾಣ’ (1895) ಹೀಗೆ ಜಂಕ್ಷನ್ನಿನಲ್ಲಿ ತಡವಾದ ರೈಲಿಗೆ ಕಾಯುತ್ತಿರುವವರಿಗೆ ಅಪರಿಚಿತನೊಬ್ಬ ಹೇಳುವ ಕಥೆ. ಅವನು ನಿಜಾಮರ ಸರ್ಕಾರದಲ್ಲಿ ಹತ್ತಿಯ ಸುಂಕ ವಸೂಲಿಗಾಗಿ ನೇಮಕಗೊಂಡು ಬರೀಚ್ ಎಂಬ ಸಣ್ಣ ಊರಿಗೆ ಹೋಗಿ, ಹೊಳೆದಂಡೆಯ ಹಳೆಯ ಅರಮನೆಯ ಮೋಹಕ್ಕೆ ಸಿಕ್ಕಿದವನು. ಕಥೆ ಮುಗಿಯುವ ಮುನ್ನ ರೈಲು ಬಂದುಬಿಡುತ್ತದೆ. ಠಾಕೂರರಿಗೆ ಈ ಕಥೆಯ ಪ್ರೇರಣೆ ದೊರೆತದ್ದು ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಾದರೂ, ಅವರು ಅದನ್ನು ನಿಜಾಮರ ನಾಡಿನಲ್ಲಿ ನೆಲೆಗೊಳಿಸಿದ್ದು ಫಿರೋಜಾಬಾದನ್ನು ಕಂಡವರಿಗೆ ಬಹಳ ಉಚಿತವಾಗಿ ತೋರುತ್ತದೆ.

ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ಪ್ರಕಾರ ರೂಪುಗೊಂಡದ್ದು ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಆಲ್ಜರ್ನಾನ್ ಬ್ಲ್ಯಾಕ್‌ವುಡ್‌ನ ‘ಏನ್ಶಂಟ್ ಸಾರ್ಸರೀಸ್’ (1908) ಕಥೆಯಲ್ಲಿ ಒಬ್ಬನು ರೈಲಿನ ನೂಕುನುಗ್ಗಲು ತಾಳಲಾರದೆ ಫ್ರಾನ್ಸಿನ ಪುಟ್ಟ ಊರೊಂದರಲ್ಲಿ ಇಳಿದು, ಬಿಟ್ಟು ಹೊರಡಲಾರದಂತಾಗುತ್ತಾನೆ. ಎಚ್. ಪಿ. ಲವ್‌ಕ್ರಾಫ್ಟ್‌ನ ‘ದಿ ಶ್ಯಾಡೋ ಓವರ್ ಇನ್ಸ್‌ಮೌತ್’ (1936) ಪ್ರಕಾರದ ಮಾದರಿ ಕೃತಿ: ಬಸ್ಸು ಕೆಟ್ಟಿದೆಯೆಂದು ಹೇಳಿ ಪಯಣಿಗನನ್ನು ಹಾಳುಸುರಿಯುವ ಹೋಟೆಲಿನಲ್ಲಿ ಉಳಿಸಿಕೊಳ್ಳುತ್ತಾರೆ; ಕೋಣೆಯ ಬಾಗಿಲಿಗೆ ಚಿಲಕವಿಲ್ಲದ್ದನ್ನು ಅವನು ಗಮನಿಸಿದ ಕ್ಷಣದಿಂದ ಭೀತಿ ಏರುತ್ತದೆ. ಆದರೆ ಊರಿನ ಜನರ ದೇಹದಲ್ಲೇ, ರಕ್ತದಲ್ಲೇ ಕೇಡನ್ನು ಕಾಣುವ ಲವ್‌ಕ್ರಾಫ್ಟ್‌ನ ದೃಷ್ಟಿಯಲ್ಲಿ ಅವನ ಜನಾಂಗದ್ವೇಷ ಬೆರೆತಿದೆ.

ಕನ್ನಡದಲ್ಲಿ ಹೊರಗಿನವನೊಬ್ಬ ಸಣ್ಣ ಊರಿನ ಗುಟ್ಟಿಗೆ ಎದುರಾಗುವ ವಸ್ತುವನ್ನು ಅತ್ಯಂತ ಗಂಭೀರವಾಗಿ ಕೈಗೆತ್ತಿಕೊಂಡವರು ಕೆ. ಪಿ. ಪೂರ್ಣಚಂದ್ರ ತೇಜಸ್ವಿ. ‘ಕುಬಿ ಮತ್ತು ಇಯಾಲ’ದ ವೈದ್ಯ ಕುಬಿ ತಾನು ಬಂದು ಸೇರಿದ ಊರಿನಲ್ಲಿ ಹುಡುಗಿಯೊಬ್ಬಳ ಸಾವಿನ ಸುತ್ತ ಹೆಣೆದ ಮೌಢ್ಯವನ್ನು ಭೇದಿಸಲು ಹೆಣಗುತ್ತಾನೆ, ಸದಾನಂದ ಸುವರ್ಣರು 1992ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಗುಪ್ತಚರ ಇಲಾಖೆಯ ಅಂಗಡಿ ತನಿಖೆಗಾಗಿ ಕೆಸರೂರಿಗೆ ಬರುತ್ತಾನೆ. ಅಲ್ಲಿನ ನಿಗೂಢಗಳಿಗಿಂತಲೂ ಜಾತಿ, ಮತ, ಸಂಶಯಗಳಿಂದ ಒಳಗೊಳಗೇ ಕಾದುಕೊಂಡಿರುವ ಊರೇ ಹೆಚ್ಚು ಭಯಾನಕವೆಂದು ತೋರಿಸುವ ಈ ಕಾದಂಬರಿಗೆ ಭೀತಿಸಾಹಿತ್ಯವೆಂಬ ಹಣೆಪಟ್ಟಿ ಯಾರೂ ಹಚ್ಚಿಲ್ಲ. ಹಚ್ಚಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಚಲನಚಿತ್ರಗಳಲ್ಲಿ ಕೆ. ಎಸ್. ಅಶೋಕರ ‘6-5=2’ (2013) ಚಾರಣಿಗರನ್ನು ಕಾಡಿನಲ್ಲಿ ದಾರಿ ತಪ್ಪಿಸಿದರೆ, ಅನೂಪ್ ಭಂಡಾರಿಯವರ ‘ರಂಗಿತರಂಗ’ (2015) ದಂಪತಿಗಳನ್ನು ಕಮರೊಟ್ಟು ಎಂಬ ಕಲ್ಪಿತ ಹಳ್ಳಿಗೆ ಕರೆದೊಯ್ಯುತ್ತದೆ. ಎರಡೂ ಜನಪ್ರಿಯವಾದವು, ಎರಡೂ ಮಳೆಕಾಡಿನ ನೆರಳನ್ನೇ ನೆಚ್ಚಿಕೊಂಡವು.

ಬಯಲುಸೀಮೆಯಲ್ಲಿ ಈ ಕಥೆ ನಿಜವಾಗಿಯೇ ನಡೆದದ್ದು 2018ರ ಜುಲೈ 13ರಂದು. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರ ಕುರಿತ ವದಂತಿ ಆಗ ವಾಟ್ಸಾಪ್ ಮೂಲಕ ಹಳ್ಳಿಹಳ್ಳಿಗೂ ಹರಡಿದ್ದರಿಂದ ಜನ ಅವರನ್ನು ಸುತ್ತುಗಟ್ಟಿದರು. ಅವರು ಹೆದರಿ ಕಾರು ಓಡಿಸಿದಾಗ ಸುದ್ದಿ ಅವರಿಗಿಂತ ಮುಂಚೆ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡವಿಟ್ಟಿದ್ದ ತಡೆಯಿಂದಾಗಿ ಕಾರು ಉರುಳಿಬಿದ್ದು, ಗುಂಪಿನ ಹೊಡೆತಕ್ಕೆ ಒಬ್ಬ ತರುಣ ಸತ್ತನು, ಉಳಿದವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ದೇಶದ ಹಲವೆಡೆ ಇಂಥ ಕೊಲೆಗಳಾದ ಬಳಿಕ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿ ವಿಧಿಸಿತು. ಈ ಘಟನೆಯಲ್ಲಿ ಊರಿನವರು ಕಥೆಯ ರಾಕ್ಷಸರಾದದ್ದು ತಾವೇ ಭೀತಿಕಥೆಯೊಂದನ್ನು ನಂಬಿದ್ದರಿಂದ. ಅವರ ಕಣ್ಣಿಗೆ ಚಾಕೊಲೇಟ್ ಕೊಟ್ಟ ಅತಿಥಿಗಳೇ ಥಗ್ಗರಾಗಿ ಕಂಡಿದ್ದರು. ಎರಡು ವರ್ಷಗಳ ಬಳಿಕ, 2020ರ ಮಾರ್ಚಿನಲ್ಲಿ, ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದೆಂದು ದೃಢಪಟ್ಟಿತು. ಮುಂದಿನ ದಿನಗಳಲ್ಲಿ ರಾಜ್ಯದ ಎಷ್ಟೋ ಹಳ್ಳಿಗಳು ಹೊರಗಿನವರು ಬಾರದಂತೆ ದಾರಿಗೆ ಮುಳ್ಳು ಹಚ್ಚಿದವು, ದುಡಿಯಲು ಹೋಗಿದ್ದ ಸ್ವಂತ ಊರಿನ ಮಕ್ಕಳೇ ಕೆಲವೆಡೆ ಹೊರಗೆ ನಿಲ್ಲಬೇಕಾಯಿತು.

ಇದಕ್ಕೆ ಪ್ರತಿಯಾದ ಪರಂಪರೆಯೂ ಇದೇ ನೆಲದಲ್ಲಿದೆ. ಜೇವರ್ಗಿ ಕಡೆಯ ಅರಳಗುಂಡಗಿಯಿಂದ ಕಲಬುರಗಿಗೆ ಬಂದು 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ನಡೆಸಿದ ದಾಸೋಹ, ಎಂದರೆ ಬಂದವರ ಕುಲಗೋತ್ರ ಕೇಳದೆ ಉಣಬಡಿಸುವ ವ್ರತ, ಥಗ್ಗರ ಹಾವಳಿಯ ಕಾಲದಲ್ಲಿಯೇ ನಡೆದದ್ದೆಂಬುದನ್ನು ಸಾಮಾನ್ಯವಾಗಿ ಯಾರೂ ಜೋಡಿಸಿ ನೋಡುವುದಿಲ್ಲ. ಒಂದೇ ಕಾಲದ ಒಂದೇ ದಾರಿಯ ಮೇಲೆ ಉಣಬಡಿಸುವ ಕೈಯೂ ಕೊರಳಿಗೆ ಬೀಳುವ ಕೈಯೂ ಇದ್ದುವು. ದಣಿದು ಬಂದ ಪಯಣಿಗನಿಗೆ ಅವುಗಳ ನಡುವಣ ವ್ಯತ್ಯಾಸ ಮೊದಲೇ ತಿಳಿಯುವ ಉಪಾಯವಿರಲಿಲ್ಲ. ಕನ್ನಡದ ದಾರಿಹೋಕರ ಭೀತಿಕಥೆಗೆ ಇದಕ್ಕಿಂತ ಗಟ್ಟಿಯಾದ ವಸ್ತು ಕಾಡಿನಲ್ಲಿ ದೊರೆಯಲಾರದು. ಆಳಂದದ ಹಕ್ಕಿ, ಗಾಣಗಾಪುರದ ಪಾಳು ಮನೆ, ಬೇಚಿರಾಕ್ ಹಳ್ಳಿಗಳು ಮತ್ತು ಮುರ್ಕಿಯ ರಸ್ತೆಯನ್ನು ಬಲ್ಲ ಈ ಭಾಗದ ಕಥೆಗಾರರು ಇವನ್ನು ತಮ್ಮದೇ ಕಲಬುರಗಿ ಕನ್ನಡದಲ್ಲಿ ಬರೆಯಬೇಕು, ಮತ್ತು ಬರೆಯುವಾಗ ದಾರಿಹೋಕನ ಅಂಜಿಕೆಯಷ್ಟೇ ಶ್ರದ್ಧೆಯಿಂದ ಅಗಸಿಯ ಒಳಗಿರುವವರ ಅಂಜಿಕೆಯನ್ನೂ ಬರೆಯಬೇಕು.